ಬಂಡೆಯೊಳಗಿನ ಚರ್ಚು ಮತ್ತು ಹತ್ತು ನಿಮಿಷದ ಯಾತ್ರಿಕರು



ಯೂರೋಪ್ ಪ್ರವಾಸ ಮುಗಿಸಿ ಬಂದ ನಮ್ಮ ಹಳೆಯ ವಿದ್ಯಾರ್ಥಿಗಳು ನನಗೆ ಕಳಿಸುವ ಭಾವಚಿತ್ರಗಳಲ್ಲಿ ಇತ್ತೀಚಿನ ವರ್ಷಗಳಲ್ಲಿ ಒಂದು ಕಟ್ಟಡ ಮತ್ತೆ ಮತ್ತೆ ಕಾಣಿಸಿಕೊಳ್ಳುತ್ತಿದೆ. ಅದು ಫಿನ್ಲೆಂಡಿನ ರಾಜಧಾನಿ ಹೆಲ್ಸಿಂಕಿಯಲ್ಲಿರುವ ತೆಂಪೆಲಿಯಾವ್ಕಿಯೊ ಚರ್ಚು. ಬಂಡೆಯನ್ನು ಕೊರೆದು ಅದರೊಳಗೆ ಕಟ್ಟಿದ್ದರಿಂದ ಪ್ರವಾಸಿಗರ ಬಾಯಲ್ಲಿ ಅದು ಕೇವಲ ‘ಕಲ್ಲಿನ ಚರ್ಚು’. ಭಾವಚಿತ್ರದೊಡನೆ ಒಂದೆರಡು ಸಾಲಿನ ತೀರ್ಪೂ ಬರುತ್ತದೆ. ಒಬ್ಬರು ಬರೆಯುತ್ತಾರೆ: “ಹೊರಗಿನಿಂದ ಏನೂ ಇಲ್ಲ ಸಾರ್, ಯುದ್ಧಕಾಲದ ಬಂಕರಿನ ಹಾಗಿದೆ.” ಇನ್ನೊಬ್ಬರು: “ದೇವರ ಮನೆಗೂ ಟಿಕೆಟ್ ಇಟ್ಟಿದ್ದಾರೆ, ನೋಡಿ ಇವರ ವ್ಯಾಪಾರ!” ಮೂರನೆಯವರು: “ಚೆನ್ನಾಗಿದೆ, ಆದರೆ ಹತ್ತು ನಿಮಿಷಕ್ಕಿಂತ ಹೆಚ್ಚಿನ ಕೆಲಸವಿಲ್ಲ.”

ಈ ಮೂರೂ ಮಾತುಗಳನ್ನು ನಾನು ಒಪ್ಪುವುದಿಲ್ಲ. ಮೊದಲ ಎರಡು ಅರ್ಧ ತಿಳಿದು ಆಡಿದ ಮಾತುಗಳು. ಅವುಗಳಿಗೆ ಉತ್ತರ ಹೇಳಬಹುದು. ಮೂರನೆಯದು ನಿರುಪದ್ರವಿಯಂತೆ ಕಂಡರೂ ನನ್ನ ದೃಷ್ಟಿಯಲ್ಲಿ ಅದೇ ಹೆಚ್ಚು ಅಪಾಯಕಾರಿ. ಆ ಹತ್ತು ನಿಮಿಷದವರ ವಿರುದ್ಧವೇ ಈ ಲೇಖನ. ಬೇಸರಪಟ್ಟುಕೊಳ್ಳಬೇಡಿ, ತರಗತಿಯಲ್ಲಿ ಗದರಿಸಿಕೊಂಡವರಿಗೆ ಇದು ಹೊಸದೇನಲ್ಲ.

ಮೊದಲು ಕಟ್ಟಡದ ಕಥೆಯನ್ನು ತಿಳಿಯೋಣ. ಹೆಲ್ಸಿಂಕಿಯ ಟೋಲೋ ಎಂಬ ಬಡಾವಣೆಯ ನಡುವೆ ಸುತ್ತಲೂ ಎತ್ತರದ ವಸತಿ ಕಟ್ಟಡಗಳಿಂದ ಆವೃತವಾದ ಒಂದು ಚೌಕವಿದೆ. ಚೌಕದ ನಡುವೆ ನೆಲದಿಂದ ಎದ್ದು ನಿಂತ ಗ್ರಾನೈಟ್ ಬಂಡೆ. ಅಲ್ಲಿ ಚರ್ಚು ಕಟ್ಟಬೇಕೆಂಬ ಸಂಕಲ್ಪ ಹಳೆಯದು. ‘ತೆಂಪೆಲಿಯಾವ್ಕಿಯೊ’ ಎಂಬ ಹೆಸರಿಗೇ ‘ದೇಗುಲದ ಚೌಕ’ ಎಂದರ್ಥ. 1930ರ ದಶಕದಲ್ಲಿ ಎರಡು ಬಾರಿ ವಿನ್ಯಾಸ ಸ್ಪರ್ಧೆ ನಡೆದು, ಫಿನ್ಲೆಂಡಿನ ಸಂಸತ್ ಭವನವನ್ನು ರೂಪಿಸಿದ ಜೆ. ಎಸ್. ಸಿರೆನ್ ಅವರ ಯೋಜನೆ ಆಯ್ಕೆಯಾಯಿತು. 1939ರಲ್ಲಿ ಕೆಲಸವೂ ಆರಂಭವಾಯಿತು. ಅಷ್ಟರಲ್ಲಿ ಯುದ್ಧ ಬಂದಿತು, ಕೆಲಸ ನಿಂತಿತು. ಯುದ್ಧದ ನಂತರ ಬಹುಕಾಲ ಆ ಬಂಡೆ ಹಾಗೆಯೇ ಉಳಿಯಿತು.

1960–61ರಲ್ಲಿ ಮತ್ತೊಂದು ಸ್ಪರ್ಧೆ ನಡೆದಾಗ ಗೆದ್ದವರು ತಿಮೊ ಮತ್ತು ತುವೊಮೊ ಸುವೊಮಲೈನೆನ್ ಎಂಬ ಸಹೋದರರು. ಇತರರು ಬಂಡೆಯ ಮೇಲೆ ಏನನ್ನು ನಿಲ್ಲಿಸಬೇಕೆಂದು ಯೋಚಿಸುತ್ತಿದ್ದರೆ, ಇವರು ಬಂಡೆಯೊಳಗೆ ಇಳಿದರು. ಹಣದ ಅಡಚಣೆಯಿಂದ ಮೂಲ ಯೋಜನೆಯನ್ನು ಗಣನೀಯವಾಗಿ ಕುಗ್ಗಿಸಬೇಕಾಯಿತು. 1968ರ ಫೆಬ್ರವರಿಯಲ್ಲಿ ಬಂಡೆ ಸಿಡಿಸುವ ಕೆಲಸ ಆರಂಭವಾಗಿ, 1969ರ ಸೆಪ್ಟೆಂಬರ್ 28ರಂದು ಚರ್ಚು ಪ್ರತಿಷ್ಠಾಪನೆಗೊಂಡಿತು. ಸಿಡಿಸಿದ ಬಂಡೆಯ ಒರಟು ಮೈಯೇ ಒಳಗಿನ ಗೋಡೆ. ಮೇಲೆ ಸುಮಾರು 24 ಮೀಟರ್ ವ್ಯಾಸದ ತಾಮ್ರದ ಗುಮ್ಮಟ. ಅದರ ಒಳಮೈಗೆ ಸುತ್ತಿದ ತಾಮ್ರದ ಪಟ್ಟಿಯನ್ನು ಬಿಚ್ಚಿ ನೇರ ಮಾಡಿದರೆ 22 ಕಿಲೋಮೀಟರ್ ಆಗುತ್ತದೆಯಂತೆ. ಗುಮ್ಮಟಕ್ಕೂ ಬಂಡೆಗೂ ನಡುವೆ ಸುತ್ತಲೂ 180 ಗಾಜಿನ ಕಿಂಡಿಗಳು. ಬೆಳಕು ಅಲ್ಲಿಂದ ಇಳಿದು, ಗಳಿಗೆಗೊಂದು ಕಡೆ ಕಲ್ಲಿನ ಮೇಲೆ ಬೀಳುತ್ತದೆ. ಪೂಜಾವೇದಿಕೆಯ ಹಿಂದೆ ಚಿತ್ರಪಟವಿಲ್ಲ. ಹಿಮಯುಗದ ಕಾಲದ ಒಂದು ಬಿರುಕೇ ಅಲ್ಲಿಯ ಅಲಂಕಾರ.

ಈಗ ಮೊದಲನೆಯ ಆಕ್ಷೇಪಕ್ಕೆ ಬರುತ್ತೇನೆ. ‘ಹೊರಗಿನಿಂದ ಏನೂ ಇಲ್ಲ’ ಎನ್ನುವುದು ನಿಜ. ಗೋಪುರವಿಲ್ಲ, ಗಂಟೆಯೂ ಇಲ್ಲ. ತನೆಲಿ ಕೂಸಿಸ್ತೊ ಎಂಬ ಸಂಗೀತಗಾರರು ಸಂಯೋಜಿಸಿದ ಗಂಟಾನಾದವನ್ನು ಧ್ವನಿವರ್ಧಕದ ಮೂಲಕ ಕೇಳಿಸುತ್ತಾರೆ, ಅಷ್ಟೇ. ಕಟ್ಟಿದ ಕಾಲದಲ್ಲಿ ಫಿನ್ಲೆಂಡಿನವರೇ ಇದನ್ನು ‘ದೆವ್ವ ತಡೆಯುವ ಬಂಕರ್’ ಎಂದು ಲೇವಡಿ ಮಾಡಿದ್ದರು. ಆದ್ದರಿಂದ ನಮ್ಮ ವಿದ್ಯಾರ್ಥಿಯ ಟೀಕೆ ಸ್ವಂತದ್ದೂ ಅಲ್ಲ, ಹೊಸದೂ ಅಲ್ಲ.

ಆದರೆ ‘ಏನೂ ಇಲ್ಲ’ ಎನ್ನುವ ಮೊದಲು, ಅಲ್ಲಿ ಏನು ಉಳಿದಿದೆ ಎಂದು ನೋಡಬೇಡವೇ? ಉಳಿದಿರುವುದು ಬಂಡೆ! ಸುತ್ತಲಿನ ಮನೆಗಳ ಕಿಟಕಿಯಿಂದ ನೋಡುವವರಿಗೆ ಇಂದಿಗೂ ಕಾಣುವುದು ಅದೇ ಕಲ್ಲುಗುಡ್ಡೆ, ಅದರ ನೆತ್ತಿಯಲ್ಲಿ ತಗ್ಗಾದ ಒಂದು ತಾಮ್ರದ ಗುಮ್ಮಟ. ಆ ಬಂಡೆಯ ಮೇಲೆ ಜನ ಹತ್ತುತ್ತಾರೆ, ಕೂರುತ್ತಾರೆ, ಬಿಸಿಲು ಕಾಯುತ್ತಾರೆ. ಇಡೀ ಬಡಾವಣೆಗೆ ಇದ್ದ ಒಂದು ಬಯಲನ್ನು ಕಸಿದುಕೊಳ್ಳದೆ, ಆಕಾಶವನ್ನು ಅಡ್ಡಗಟ್ಟದೆ, ನೂರಾರು ಜನ ಕುಳಿತುಕೊಳ್ಳುವ ಆರಾಧನಾಸ್ಥಳವನ್ನು ನಿರ್ಮಿಸಿದರು. ಎತ್ತರದ ಚರ್ಚು ಬೇಕೆನ್ನುವವರಿಗೆ ಅದೇ ಊರಿನಲ್ಲಿ 1852ರಲ್ಲಿ ಪೂರ್ಣಗೊಂಡ, ಎಂಗೆಲ್ ರೂಪಿಸಿದ ಬಿಳಿಯ ಮಹಾದೇವಾಲಯವಿದೆ. ಸಮುದ್ರದಲ್ಲಿ ಬರುವ ಹಡಗಿನಿಂದಲೇ ಕಾಣುತ್ತದೆ. ಒಂದೇ ಊರಿನಲ್ಲಿ ಎರಡನೆಯ ಶಿಖರ ಏತಕ್ಕೆ?

ಅದಿರಲಿ, ಬಾದಾಮಿಯ ನಾಡಿನವರು ಈ ಮಾತು ಆಡಬಹುದೇ ಎಂದು ಕೇಳುತ್ತೇನೆ. ಮೂರನೆಯ ಗುಹೆಯ ಕ್ರಿ. ಶ. 578ರ ಶಾಸನದ ಮುಂದೆ ನಿಲ್ಲಿಸಿ, ನಿಮ್ಮಲ್ಲಿ ಎಷ್ಟು ಜನರಿಗೆ ನಾನು ಶೈಕ್ಷಣಿಕ ಪ್ರವಾಸದಲ್ಲಿ ಮಂಗಳೇಶನ ಹೆಸರು ಹೇಳಿಸಿಲ್ಲ! ಆ ಗುಹೆಗಳಿಗೆ ಶಿಖರವೆಲ್ಲಿದೆ? ಹೊರಗಿನಿಂದ ನೋಡಿದರೆ ಕೆಂಪು ಬಂಡೆಯಲ್ಲಿ ಕೆಲವು ಕತ್ತಲೆಯ ಬಾಯಿಗಳು, ಅಷ್ಟೇ. ದೇವರ ಮನೆ ಮೇಲಕ್ಕೇ ಏರಬೇಕೆಂಬ ನಿಯಮ ನಮ್ಮಲ್ಲಿಯೂ ಇರಲಿಲ್ಲ. ಒಂದು ಭೇದವಂತೂ ಇದೆ. ನಮ್ಮ ಶಿಲ್ಪಿಗಳು ಬಂಡೆಯನ್ನು ಕಂಬ, ಬೋದಿಗೆ, ವಿಗ್ರಹಗಳಾಗಿ ಮಾತನಾಡಿಸಿದರು. ಫಿನ್ಲೆಂಡಿನ ಸಹೋದರರು ಬಂಡೆಯನ್ನು ಅದರ ಪಾಡಿಗೆ ಸುಮ್ಮನೆ ಬಿಟ್ಟರು. ಎರಡೂ ಕಲೆಯೇ. ಸುಮ್ಮನೆ ಬಿಡುವುದು ಸುಲಭವೆಂದು ಭಾವಿಸಬೇಡಿ.

ಇದಕ್ಕಿಂತ ಗಂಭೀರವಾದ ಆಕ್ಷೇಪವೊಂದಿದೆ. ನಮ್ಮ ಪ್ರವಾಸಿಗಳಿಗೆ ಅದು ಹೊಳೆದಿಲ್ಲ. ಹೊಳೆದಿದ್ದರೆ ನಾನು ಅವರನ್ನು ಹೆಚ್ಚು ಗೌರವಿಸುತ್ತಿದ್ದೆ. 1968ರಲ್ಲಿ ಚರ್ಚಿನ ಕೆಲಸ ನಡೆಯುತ್ತಿದ್ದಾಗ ಆಫ್ರಿಕಾದ ನೈಜೀರಿಯದಲ್ಲಿ ಅಂತರ್ಯುದ್ಧ ನಡೆಯುತ್ತಿತ್ತು. ಪ್ರತ್ಯೇಕಗೊಂಡ ಬಿಯಾಫ್ರಾ ಪ್ರಾಂತದಲ್ಲಿ ಮಕ್ಕಳು ಅನ್ನವಿಲ್ಲದೆ ಸಾಯುತ್ತಿದ್ದ ಚಿತ್ರಗಳು ಜಗತ್ತಿನ ಪತ್ರಿಕೆಗಳಲ್ಲೆಲ್ಲ ಬರುತ್ತಿದ್ದವು. ಆಗ ವಿದ್ಯಾರ್ಥಿಗಳ ಗುಂಪೊಂದು ಈ ಚರ್ಚಿನ ನಿವೇಶನಕ್ಕೆ ಬಂದು ‘ಬಿಯಾಫ್ರಾ’ ಎಂಬ ಒಂದೇ ಪದವನ್ನು ಬಣ್ಣದಲ್ಲಿ ಬರೆದು ಹೋಯಿತು. ಅದರ ಅರ್ಥ ಸ್ಪಷ್ಟ: ಹಸಿದವರಿಗೆ ಕೊಡಬೇಕಾದ ಹಣವನ್ನು ಕಲ್ಲಿಗೆ ಸುರಿಯುತ್ತಿದ್ದೀರಿ.

ಆ ಒಂದು ಪದಕ್ಕೆ ಏನು ಉತ್ತರ ಹೇಳುತ್ತೀರಿ? ‘ಕಲೆಗೂ ಬೆಲೆಯಿದೆ’ ಎಂದು ನುಣುಚಿಕೊಳ್ಳುವುದು ಸಾಲದು. ‘ಆ ಹಣವನ್ನು ಉಳಿಸಿದ್ದರೂ ಬಿಯಾಫ್ರಾಕ್ಕೆ ಹೋಗುತ್ತಿರಲಿಲ್ಲ’ ಎನ್ನುವುದು ಜಾಣತನವೇ ಹೊರತು ನ್ಯಾಯವಲ್ಲ. ನನ್ನ ಅಭಿಪ್ರಾಯದಲ್ಲಿ ಆ ಪ್ರಶ್ನೆ ಸಾಧುವಾದದ್ದು. ಅದಕ್ಕೆ ಕಟ್ಟುವವರು ಕಟ್ಟುವಾಗಲೇ ಉತ್ತರ ಕೊಡಲಾರರು. ಕಟ್ಟಡವನ್ನು ಬಳಸುವವರು, ಬಳಸುತ್ತಾ ಹೋಗುವುದರಿಂದ ಮಾತ್ರ ಉತ್ತರ ಕೊಡಬಲ್ಲರು. ಜನ ಅಲ್ಲಿ ಕುಳಿತು ತಮ್ಮೊಳಗನ್ನು ನೋಡಿಕೊಂಡರೆ, ದುಃಖದಲ್ಲಿರುವವನು ಒಂದು ಗಳಿಗೆ ತಲೆಯೂರಿ ಕುಳಿತರೆ, ಪರರ ಹಸಿವನ್ನು ನೆನೆಯುವ ಮನಸ್ಸು ಅಲ್ಲಿ ಒಬ್ಬರಿಗಾದರೂ ಹುಟ್ಟಿದರೆ, ಆ ಖರ್ಚಿಗೆ ಅರ್ಥ ಬಂದಿತು. ಅಲ್ಲಿ ನಡೆಯುವುದು ಕೇವಲ ಭಾವಚಿತ್ರ ತೆಗೆಯುವ ಕೆಲಸವಾದರೆ, ಬಣ್ಣ ಬಳಿದ ಆ ವಿದ್ಯಾರ್ಥಿಗಳೇ ಸರಿ. ಚರ್ಚು ಕಟ್ಟಿದವರು ತಪ್ಪು.

ಗಮನಿಸಿ: ಈ ಮೊಕದ್ದಮೆಯ ತೀರ್ಪು ಇನ್ನೂ ಆಗಿಲ್ಲ. ಒಳಗೆ ಕಾಲಿಡುವ ಪ್ರತಿಯೊಬ್ಬನೂ ಒಂದು ಸಾಕ್ಷಿ ನುಡಿದು ಬರುತ್ತಾನೆ. ವರ್ಷಕ್ಕೆ ಲಕ್ಷಗಟ್ಟಲೆ ಜನ ಅಲ್ಲಿಗೆ ಬರುತ್ತಾರೆ. ಅವರಲ್ಲಿ ಬಹುಪಾಲು ಹತ್ತು ನಿಮಿಷದವರು. ಅವರ ಸಾಕ್ಷ್ಯ ಯಾವ ಕಡೆಗೆಂದು ಹೇಳಬೇಕಾಗಿಲ್ಲ. ಹಾಗೆಂದೇ ಮೂರನೆಯ ಮಾತು ನನಗೆ ಅಪಾಯಕಾರಿಯಾಗಿ ತೋರುತ್ತದೆ.

ಹತ್ತು ನಿಮಿಷ ಏಕೆ ಸಾಲದು ಎಂದರೆ, ಈ ಚರ್ಚು ನೋಡುವುದಕ್ಕಾಗಿ ಕಟ್ಟಿದ್ದೇ ಅಲ್ಲ. ಇದು ಕೇಳುವುದಕ್ಕಾಗಿ ಕಟ್ಟಿದ ಮನೆ. ಇದು ನನ್ನ ಕಲ್ಪನೆಯ ಅಲಂಕಾರವಲ್ಲ, ಕಟ್ಟಡದ ಇತಿಹಾಸ. ಬಂಡೆಯ ಗೋಡೆಯನ್ನು ಏನನ್ನೂ ಹೊದಿಸದೆ ಬರಿದಾಗಿ ಬಿಡುವ ಆಲೋಚನೆ ಸುವೊಮಲೈನೆನ್ ಸಹೋದರರಿಗೆ ಮೊದಲೇ ಇತ್ತು. ಆದರೆ ತೀರ್ಪುಗಾರರು ಹೌಹಾರಿಯಾರು ಎಂದು ಸ್ಪರ್ಧೆಗೆ ಕಳಿಸುವಾಗ ಅದನ್ನು ಕೈಬಿಟ್ಟಿದ್ದರು. ಮುಂದೆ ಪಾವೊ ಬರ್ಗ್ಲುಂಡ್ ಎಂಬ ಪ್ರಸಿದ್ಧ ವಾದ್ಯವೃಂದ ನಿರ್ದೇಶಕರೂ ಮೌರಿ ಪಾರ್ಯೊ ಎಂಬ ಧ್ವನಿತಜ್ಞರೂ ಒಳಗಿನ ನಾದದ ಗುಣವನ್ನು ಕುರಿತು ಸಲಹೆ ನೀಡಿದಾಗ, ಗೋಡೆ ಒರಟಾಗಿಯೇ ಇರಬೇಕೆಂದು ತೀರ್ಮಾನವಾಯಿತು. ಅಂದರೆ ನೀವು ಭಾವಚಿತ್ರ ತೆಗೆಯುವ ಆ ಒರಟು ಕಲ್ಲು ಅಲ್ಲಿ ಉಳಿದಿರುವುದು ಕಣ್ಣಿನ ಹಂಗಿನಿಂದಲ್ಲ, ಕಿವಿಯ ದಯೆಯಿಂದ!

ಇದರ ಹಿಂದಿರುವ ತತ್ತ್ವ ಸರಳ. ಎಂಟನೆಯ ತರಗತಿಯ ವಿಜ್ಞಾನ ಸಾಕು. ನುಣುಪಾದ ಗೋಡೆಗೆ ಬಡಿದ ಧ್ವನಿ ಕನ್ನಡಿಗೆ ಬಿದ್ದ ಬೆಳಕಿನಂತೆ ಒಂದೇ ದಿಕ್ಕಿಗೆ ಮರಳುತ್ತದೆ. ದುಂಡನೆಯ ಕೋಣೆಯಲ್ಲಿ ಅದು ಒಂದೆಡೆ ಕೂಡಿಕೊಂಡು ಕಿವಿಗೆ ಅಪ್ಪಳಿಸುತ್ತದೆ. ವಿಜಾಪುರದ ಗೋಲಗುಮ್ಮಟದಲ್ಲಿ ಕೂಗಿ ಖುಷಿಪಟ್ಟವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಉಬ್ಬುತಗ್ಗುಗಳುಳ್ಳ ಗೋಡೆಯಾದರೆ ಧ್ವನಿ ಹಲವು ದಿಕ್ಕಿಗೆ ಚೆದುರಿ, ಮೆತ್ತಗಾಗಿ, ಎಲ್ಲರನ್ನೂ ಸಮನಾಗಿ ತಲುಪುತ್ತದೆ. ಅಂಥ ಕೋಣೆಯಲ್ಲಿ 3001 ಕೊಳವೆಗಳ ಆರ್ಗನ್ ವಾದ್ಯವೊಂದನ್ನು ನಿಲ್ಲಿಸಿದ್ದಾರೆ. ವೈಕ್ಕೊ ವಿರ್ತನೆನ್ ಎಂಬವರು ನಿರ್ಮಿಸಿದ್ದು. ಅಲ್ಲಿ ಸಂಗೀತ ಕಛೇರಿಗಳು ನಡೆಯುತ್ತಿರುವುದು ಆಕಸ್ಮಿಕವೇನಲ್ಲ.

ಮಗಳ ಮನೆಗೆ ಹೋದ ವರ್ಷ ನಾನು ಆ ಚರ್ಚಿಗೆ ಎರಡು ಸಲ ಹೋದೆ. ಮೊದಲನೆಯ ಸಲ ನಡುಹಗಲು. ಬಸ್ಸುಗಳಿಂದ ಇಳಿದ ಗುಂಪುಗಳು ಒಂದರ ಹಿಂದೊಂದು ಬಂದು, ಬಾಗಿಲಲ್ಲೇ ಮೊಬೈಲನ್ನು ಮೇಲೆತ್ತಿ, ಗುಮ್ಮಟವನ್ನು ಹಿಡಿದುಕೊಂಡು, ಗೋಡೆಯ ಮುಂದೆ ತಮ್ಮನ್ನು ನಿಲ್ಲಿಸಿಕೊಂಡು, ಹೊರಟುಹೋದವು. ಒಳ್ಳೆಯ ನಾದಗುಣವುಳ್ಳ ಕೋಣೆಯ ಒಂದು ಕಷ್ಟವೆಂದರೆ ಅದು ಪಕ್ಷಪಾತ ಮಾಡುವುದಿಲ್ಲ. ಪ್ರಾರ್ಥನೆಯನ್ನು ಎಷ್ಟು ಚೆನ್ನಾಗಿ ಕೇಳಿಸುತ್ತದೆಯೋ, ಚೀಲದ ಜಿಪ್ಪನ್ನೂ ‘ಇಲ್ಲಿ ಬಾ, ಇಲ್ಲಿ ನಿಲ್ಲು’ ಎಂಬ ಪಿಸುಮಾತನ್ನೂ ಅಷ್ಟೇ ಚೆನ್ನಾಗಿ ಕೇಳಿಸುತ್ತದೆ. ಮುಂದಿನ ಸಾಲಿನಲ್ಲಿ ವೃದ್ಧೆಯೊಬ್ಬರು ಕಣ್ಣು ಮುಚ್ಚಿ ಕುಳಿತಿದ್ದರು. ಯಾರೋ ಅವರನ್ನೂ ಚಿತ್ರಕ್ಕೆ ಸೇರಿಸಿಕೊಂಡರು.

ಎರಡನೆಯ ಸಲ ಭಾನುವಾರ ಬೆಳಿಗ್ಗೆ, ಆರಾಧನೆಯ ಸಮಯ. ನನಗೆ ಅವರ ಭಾಷೆಯ ಒಂದಕ್ಷರವೂ ತಿಳಿಯದು. ಅವರ ಮತಕ್ಕೆ ಸೇರಿದವನೂ ಅಲ್ಲ. ಹಿಂದಿನ ಸಾಲಿನಲ್ಲಿ ಸುಮ್ಮನೆ ಕುಳಿತಿದ್ದೆ. ಹಾಡು ಮುಗಿದು, ಮುಂದಿನ ಮಾತು ಆರಂಭವಾಗುವ ಮೊದಲು ಒಂದು ಮೌನ ಬಂದಿತು. ಮೌನದಲ್ಲಿ ಎರಡು ಬಗೆಯುಂಟೆಂದು ಶಿಕ್ಷಕರಿಗೆಲ್ಲ ತಿಳಿದಿದೆ: ಮುಖ್ಯೋಪಾಧ್ಯಾಯರು ಬಂದಾಗ ತರಗತಿಯಲ್ಲಿ ಉಂಟಾಗುವ ಮೌನ ಒಂದು, ಕಥೆಯ ಕೊನೆಯ ವಾಕ್ಯಕ್ಕೆ ಮಕ್ಕಳು ಕಾಯುತ್ತಿರುವಾಗಿನ ಮೌನ ಇನ್ನೊಂದು. ಅಲ್ಲಿದ್ದದ್ದು ಎರಡನೆಯ ಬಗೆಯದು. ಕಲ್ಲೂ ಕಿವಿಗೊಟ್ಟು ಕುಳಿತಿದೆಯೇನೋ ಎನಿಸಿತು. ಕಟ್ಟಡದ ಕೆಲಸವೇ ಅದು. ಹಗಲಿನ ಗುಂಪುಗಳಲ್ಲಿ ಬಂದವರು ಅದನ್ನು ನೋಡದೆಯೇ ‘ನೋಡಿದೆವು’ ಎಂದು ಹೇಳಿಕೊಂಡು ಹೋಗುತ್ತಿದ್ದಾರೆ. ಸಕ್ಕರೆಯ ಚಿತ್ರ ನೆಕ್ಕಿದರೆ ಸಿಹಿಯಾದೀತೇ?

ಇನ್ನು ಟಿಕೆಟ್ಟಿನ ವಿಚಾರ. ಪ್ರವಾಸಿಗರಿಂದ ಪ್ರವೇಶ ಶುಲ್ಕ ಪಡೆಯುವುದು ನಿಜ. ಆರಾಧನೆಗೆ ಬರುವವರಿಗೆ ಶುಲ್ಕವಿಲ್ಲವೆಂಬುದೂ ಅಷ್ಟೇ ನಿಜ. ಟೀಕಿಸುವವರು ಎರಡನೆಯ ಅರ್ಧವನ್ನು ಹೇಳುವುದಿಲ್ಲ. ಫಿನ್ಲೆಂಡಿನಲ್ಲಿ ಲೂಥರನ್ ಚರ್ಚಿನ ಸದಸ್ಯರು ತಮ್ಮ ಆದಾಯದಿಂದ ಚರ್ಚು ತೆರಿಗೆ ಕೊಡುತ್ತಾರೆ. ಅವರು ಕೊಟ್ಟ ಹಣದಲ್ಲಿ ನೆಲ ಗುಡಿಸಿ, ಚಳಿಗಾಲದಲ್ಲಿ ಬೆಚ್ಚಗಿಟ್ಟ ಮನೆಯೊಳಗೆ ದೂರದೂರುಗಳಿಂದ ಬಂದವರು ಬಿಟ್ಟಿ ಓಡಾಡಬೇಕೆನ್ನುವುದು ಯಾವ ನ್ಯಾಯ? ಅಲ್ಲದೆ, ‘ವಿಶೇಷ ದರ್ಶನ’ದ ಚೀಟಿ ಕೊಂಡು, ಬಿಸಿಲಲ್ಲಿ ನಿಂತ ಮುದುಕರನ್ನು ಹಿಂದೆ ಹಾಕಿ ಗರ್ಭಗುಡಿಯ ಮುಂದೆ ನಿಲ್ಲುವ ನಾವು ಈ ಆಕ್ಷೇಪ ಎತ್ತುವುದು ಸೋಜಿಗ. ಅಲ್ಲಿ ದೇವರನ್ನು ಅರಸಿ ಬಂದವನಿಗೆ ಬಾಗಿಲು ಬಿಟ್ಟಿ, ನೋಟಕ್ಕೆ ಬಂದವನಿಗೆ ಬೆಲೆ. ನಮ್ಮಲ್ಲಿ ದೇವರ ಹತ್ತಿರ ಹೋಗುವುದಕ್ಕೇ ಬೆಲೆ. ಯಾವುದು ವ್ಯಾಪಾರ?

ಆದರೂ ಆ ಶುಲ್ಕದಲ್ಲಿ ನನಗೆ ಒಂದು ದೋಷ ಕಾಣುತ್ತದೆ; ಅದು ಹಣದ ದೋಷವಲ್ಲ. ಹಣ ಕೊಟ್ಟವನು ಅತಿಥಿಯಾಗಿ ಉಳಿಯುವುದಿಲ್ಲ, ಗಿರಾಕಿಯಾಗುತ್ತಾನೆ. ‘ದುಡ್ಡು ಕೊಟ್ಟಿದ್ದೇನೆ, ನನ್ನಿಷ್ಟದಂತೆ ಓಡಾಡುತ್ತೇನೆ’ ಎಂಬ ಹಕ್ಕು ಅವನ ನಡಿಗೆಯಲ್ಲಿ ಬರುತ್ತದೆ. ನನ್ನನ್ನು ಕೇಳಿದರೆ, ಅಲ್ಲಿಯ ಸಭೆಯವರು ಹಣದ ಜೊತೆಗೆ ಸಮಯವನ್ನೂ ಕೇಳಬೇಕು: ಒಳಗೆ ಬಂದವರು ಮೊದಲ ಅರ್ಧ ಗಂಟೆ ಮೊಬೈಲನ್ನು ಚೀಲದಲ್ಲಿಟ್ಟು ಕುಳಿತಿರಬೇಕು, ಆಮೇಲೆ ಬೇಕಾದರೆ ಚಿತ್ರ ತೆಗೆಯಲಿ ಎಂದು. ಅಷ್ಟು ಕೊಡಲಾರದವರು ಹೊರಗಿನ ಬಂಡೆಯನ್ನು ನೋಡಿಕೊಂಡು ಹೋಗಲಿ. ಅದಕ್ಕೆ ಟಿಕೆಟ್ ಇಲ್ಲ.

ಇದಕ್ಕೆ ನೀವು ಕೊಡಬಹುದಾದ ಉತ್ತರಗಳನ್ನು ಊಹಿಸಬಲ್ಲೆ. ‘ನಾವು ಆ ಮತದವರಲ್ಲ, ನೋಡುವುದರ ಹೊರತು ನಮಗೇನು ಕೆಲಸ?’ ಎನ್ನಬಹುದು. ಸುಮ್ಮನೆ ಕೂರುವುದಕ್ಕೆ ಯಾವ ಮತದ ಅಪ್ಪಣೆಯೂ ಬೇಕಿಲ್ಲ. ನಂಬಿಕೆ ಬೇಕಾದದ್ದು ಪ್ರಾರ್ಥನೆಗೆ. ಕೇಳುವುದಕ್ಕೆ ಕಿವಿ ಸಾಕು. ‘ಪ್ರವಾಸದ ವ್ಯವಸ್ಥಾಪಕರು ಸಮಯ ಕೊಡುವುದಿಲ್ಲ’ ಎನ್ನಬಹುದು. ಇದು ಕುಣಿಯಲಾರದವಳು ನೆಲ ಡೊಂಕೆಂದ ಕಥೆ. ಹತ್ತು ದಿನದಲ್ಲಿ ಏಳು ದೇಶದ ಪಟ್ಟಿಯನ್ನು ಆರಿಸಿಕೊಂಡವರು ನೀವೇ. ಏಳರಲ್ಲಿ ನಾಲ್ಕನ್ನು ಬಿಟ್ಟರೆ ಆಕಾಶ ಬೀಳುವುದಿಲ್ಲ. ‘ಪ್ರವಾಸಿಗರು ಬಾರದಿದ್ದರೆ ಆ ಚರ್ಚು ಉಳಿಯುವುದು ಹೇಗೆ?’ ಎನ್ನುವುದು ಇವುಗಳಲ್ಲಿ ತೂಕದ ಮಾತು. ಯೂರೋಪಿನಲ್ಲಿ ಆರಾಧನೆಗೆ ಬರುವವರು ಕಡಿಮೆಯಾಗುತ್ತಿದ್ದಾರೆ, ಕಟ್ಟಡಗಳ ಖರ್ಚು ಕಡಿಮೆಯಾಗುತ್ತಿಲ್ಲ. ಆದ್ದರಿಂದ ಬರಬೇಡಿ ಎಂದು ನಾನು ಹೇಳುತ್ತಿಲ್ಲ. ಬಂದವರು ಮನೆಯನ್ನು ಉಳಿಸುವಂತೆ ಬನ್ನಿ ಎನ್ನುತ್ತಿದ್ದೇನೆ. ಗೋಡೆ ಉಳಿದು ಮೌನ ಹೋದರೆ ಉಳಿದದ್ದು ಚರ್ಚಲ್ಲ, ಚೆನ್ನಾಗಿ ಕೊರೆದ ಒಂದು ಕಲ್ಲುಗಣಿ.

ನಿಮ್ಮಲ್ಲಿ ಕೆಲವರು ಆ ಕಡೆಯ ದೇಶಗಳಲ್ಲಿಯೇ ಉದ್ಯೋಗದಲ್ಲಿದ್ದೀರಿ. ಇನ್ನು ಕೆಲವರು ಮುಂದಿನ ಬೇಸಿಗೆಗೆ ಹೊರಡುವವರಿದ್ದೀರಿ. ನಿಮ್ಮಲ್ಲಿ ನನ್ನದೊಂದು ವಿನಂತಿ. ಹೆಲ್ಸಿಂಕಿಗೆ ಹೋದರೆ ಭಾನುವಾರದ ಆರಾಧನೆಗೋ ಸಂಜೆಯ ಕಛೇರಿಗೋ ಹೋಗಿ. ಗುಮ್ಮಟದ ನೇರ ಕೆಳಗೆ ಬೇಡ, ಬಂಡೆಯ ಗೋಡೆಗೆ ಹತ್ತಿರವಾಗಿ ಕುಳಿತುಕೊಳ್ಳಿ. ಬೆಳಕು ಒಂದು ಕಲ್ಲಿನಿಂದ ಪಕ್ಕದ ಕಲ್ಲಿಗೆ ಸರಿಯುವವರೆಗೆ ಏಳಬೇಡಿ. ಸಾಧ್ಯವಾದರೆ ಆ ‘ಬಿಯಾಫ್ರಾ’ ಎಂಬ ಪದವನ್ನೂ ಒಮ್ಮೆ ನೆನೆಯಿರಿ. ಅದು ಕೇಳಿದ ಪ್ರಶ್ನೆಗೆ ನಿಮ್ಮ ಪಾಲಿನ ಉತ್ತರವೇನೆಂದು ಯೋಚಿಸಿ.

ಹಿಂದಿರುಗಿದ ಮೇಲೆ ನನಗೆ ಭಾವಚಿತ್ರ ಕಳಿಸುವ ತೊಂದರೆ ತೆಗೆದುಕೊಳ್ಳಬೇಡಿ. ನನ್ನ ಬಳಿ ಆಗಲೇ ಬೇಕಾದಷ್ಟಿವೆ, ಎಲ್ಲವೂ ಒಂದೇ ತೆರ. ಏನು ಕೇಳಿಸಿತು ಎಂಬುದನ್ನು ನಾಲ್ಕು ವಾಕ್ಯಗಳಲ್ಲಿ ಬರೆದು ಕಳಿಸಿ. ಕಾಗುಣಿತ ತಿದ್ದುವುದಿಲ್ಲವೆಂದು ಮಾತು ಕೊಡುತ್ತೇನೆ.